ಸೂಳೆಕೆರೆ ಏರಿಯ ಮೇಲೊಂದು ಇತಿಹಾಸ ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆಯಬೇಕೆಂದಾಗ ನನಗೆ ಮೊದಲು ನೆನಪಾದದ್ದು 2004ರ ಒಂದು ದಿನದ ಶಾಲಾ ಪ್ರವಾಸ. ಆಗ ನಾನು ಒಂಬತ್ತನೇ ತರಗತಿ. ಹಂಪಿ, ಮೈಸೂರಿಗೆ ಕಳಿಸುವಷ್ಟು ಅನುಕೂಲ ನಮ್ಮಲ್ಲಿ ಬಹಳ ಮನೆಗಳಿಗೆ ಇರಲಿಲ್ಲ. "ಇತಿಹಾಸ ನಮ್ಮ ತಾಲ್ಲೂಕಲ್ಲೇ ಐತೆ, ಬುತ್ತಿ ಕಟ್ಕೊಂಡು ಬರ್ರಿ" ಎಂದು ಸಮಾಜ ವಿಜ್ಞಾನದ ಮೇಷ್ಟ್ರು ನಮ್ಮನ್ನು ಹೊರಡಿಸಿದರು.

ಮೊದಲು ಸಂತೇಬೆನ್ನೂರು. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ನಡುನೀರಿನಲ್ಲಿ ವಸಂತ ಮಂಟಪ, ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಎರಡು ಕಾಲದ ಕಟ್ಟಡಗಳ ನೆರಳು ಒಂದೇ ನೀರಿನಲ್ಲಿ ಕಾಣುತ್ತಿತ್ತು.

ಮಧ್ಯಾಹ್ನ ಸೂಳೆಕೆರೆ. ಹೆಸರು ಕೇಳಿದೊಡನೆ ಹುಡುಗರೆಲ್ಲ ಮುಸಿಮುಸಿ ನಕ್ಕೆವು. ಮೇಷ್ಟ್ರು ಬೈಯಲಿಲ್ಲ; ಏರಿಯ ಮೇಲೆ ಕೂರಿಸಿ ಕಥೆ ಹೇಳಿದರು. ಶಾಂತವ್ವ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ವೇಶ್ಯೆಯರದಾಗಿತ್ತಂತೆ. ಕೆರೆಗೆ ತಮ್ಮ ಹೆಸರಿಡಬೇಕೆಂಬ ಒಂದೇ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರಂತೆ. "ಇದು ಐತಿಹ್ಯ. ಆದರೆ ನೀವು ಕೂತಿರೋ ಏರಿ ಐತಿಹ್ಯ ಅಲ್ಲ" ಎಂದರು.

ನಿಜ. 11-12ನೇ ಶತಮಾನದ್ದೆನ್ನುವ ಆ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಎರಡು ಗುಡ್ಡಗಳ ನಡುವಿನ ಕಿರಿದಾದ ಜಾಗ ಹುಡುಕಿ ಹರಿದ್ರಾ ಹಳ್ಳಕ್ಕೆ ಅಡ್ಡ ಕಟ್ಟಿದ್ದರಿಂದ, ಇಷ್ಟು ಚಿಕ್ಕ ಏರಿಗೆ ಅಷ್ಟು ದೊಡ್ಡ ಕೆರೆ ನಿಂತಿದೆ. ನೀರು ಬಿಡಲು ಸಿದ್ಧ, ಬಸವ ಎಂಬ ಎರಡು ತೂಬುಗಳು. ಒಂದು ಕಡೆ ಗುಡ್ಡದ ಕುರುಚಲು ಕಾಡು, ಇನ್ನೊಂದು ಕಡೆ ಗದ್ದೆ, ಅಡಿಕೆ ತೋಟ. "ಕಾಡು ಬೋಳಾದ್ರೆ ಮಣ್ಣು ಕೊಚ್ಚಿ ಬಂದು ಕೆರೇಲಿ ಹೂಳು ತುಂಬುತ್ತೆ, ಕೆರೆ ತುಂಬದಿದ್ರೆ ತೋಟ ಇಲ್ಲ" ಎಂದು ಮೇಷ್ಟ್ರು ಎರಡೂ ಕಡೆ ಕೈ ತೋರಿಸಿದ್ದು ಕಣ್ಣಿಗೆ ಕಟ್ಟಿದಂತಿದೆ.

ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೆ, ಊರು ಯಾವುದೆಂದು ಕೇಳಿದವರಿಗೆ "ಶಾಂತಿಸಾಗರದ ಹತ್ತಿರ" ಎನ್ನುತ್ತಿದ್ದೆ. ಅದು ಸರ್ಕಾರಿ ದಾಖಲೆಯ ಹೆಸರು, ತಪ್ಪೇನಲ್ಲ. ಆದರೆ ನಾನು ಹಾಗೆ ಹೇಳುತ್ತಿದ್ದುದು ನಾಚಿಕೆಯಿಂದ.

2017ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಚನ್ನಗಿರಿ ಸೀಮೆಯ ಎಷ್ಟೋ ರೈತರಂತೆ ನಾವೂ ಟ್ಯಾಂಕರ್ ನೀರು ಕೊಂಡು ಅಡಿಕೆ ಗಿಡಗಳಿಗೆ ಹಾಕಿದೆವು. ಆದರೂ ಒಂದು ಎಕರೆ ಒಣಗಿತು. ಮರ ಕಡಿಸುವ ದಿನ ಅಪ್ಪಾಜಿ ತೋಟದ ಕಡೆ ಬರಲೇ ಇಲ್ಲ. ಕೂತ ನೆಲ ಬಿಟ್ಟುಕೊಡುವುದೆಂದರೆ ಏನೆಂದು ನನಗೆ ಅಂದು ತಿಳಿಯಿತು. ಊರವರ ನೀರಿಗಾಗಿ ನೆಲ ಬಿಟ್ಟ ಆ ಹೆಂಗಸರು ಕೇಳಿದ್ದು ಒಂದು ಹೆಸರು ಮಾತ್ರ. ಜನ ಆ ಮಾತನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ತಪ್ಪಿದವನು ನಾನು.

ಈಗ ಯಾರು ಕೇಳಿದರೂ "ಸೂಳೆಕೆರೆ ಸೀಮೆ" ಎನ್ನುತ್ತೇನೆ. ನಕ್ಕವರಿಗೆ ಮೇಷ್ಟ್ರು ಹೇಳಿದ ಕಥೆ ಹೇಳುತ್ತೇನೆ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ನನ್ನದೊಂದು ಕೋರಿಕೆ: ಒಮ್ಮೆ ಬುತ್ತಿ ಕಟ್ಟಿಕೊಂಡು ಆ ಏರಿಯ ಮೇಲೆ ಕುಳಿತು ಬನ್ನಿ. ಬಸ್ಸಿನ ಖರ್ಚು ನಮ್ಮ ಬ್ಯಾಚಿನವರದು.