ರೋಗಶೋಧನೆ ಮತ್ತು ರೋಗನಿವಾರಣೆ: ಸಾಮೂಹಿಕ ತಪಾಸಣೆಯ ಚರಿತ್ರೆಯನ್ನು ಕುರಿತು

ಅಡಗಿರುವ ರೋಗವನ್ನು ಬೇಗ ಕಂಡುಹಿಡಿಯುವುದು ಹಿತಕರವೆಂಬ ಮಾತು ಪ್ರಮಾಣವನ್ನೇ ಬೇಡದಷ್ಟು ಸಹಜವಾಗಿ ತೋರುತ್ತದೆ. ಆದರೆ ರೋಗಲಕ್ಷಣವಿಲ್ಲದ ಜನರನ್ನೆಲ್ಲ ಕರೆದು ಪರೀಕ್ಷಿಸುವುದರಿಂದ ಮಧುಮೇಹ, ಹೃದ್ರೋಗಗಳ ಮರಣಗಳು ನಿಜವಾಗಿಯೂ ತಗ್ಗುವುವೆ? ಈ ಪ್ರಶ್ನೆಯನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದೇ ಇಲ್ಲಿ ನಮ್ಮ ಉದ್ದೇಶ.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ 1946-47ರಲ್ಲಿ 4,983 ನಿವಾಸಿಗಳ ಪೈಕಿ 3,516 ಮಂದಿಯನ್ನು ಪರೀಕ್ಷಿಸಲಾಯಿತು. ಮಧುಮೇಹವುಳ್ಳ 70 ಮಂದಿಯಲ್ಲಿ 30 ಮಂದಿಗೆ ತಮ್ಮ ರೋಗದ ಅರಿವೇ ಇರಲಿಲ್ಲ. ಅದೇ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಆರಂಭವಾದ ದೀರ್ಘ ಅಧ್ಯಯನವು ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳಿಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿತು. ಸಾಮೂಹಿಕ ತಪಾಸಣೆಯ ಉತ್ಸಾಹ ಬೆಳೆದುದು ಇಂತಹ ಶೋಧಗಳಿಂದ.

ಈ ಉತ್ಸಾಹಕ್ಕೆ ಶಿಸ್ತನ್ನು ತಂದವರು ವಿಲ್ಸನ್ ಮತ್ತು ಯುಂಗ್ನರ್. ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ಅವರು ಹತ್ತು ಸೂತ್ರಗಳನ್ನು ಮಂಡಿಸಿದರು. ಕಂಡುಬಂದ ರೋಗಕ್ಕೆ ಸರ್ವಸಮ್ಮತ ಚಿಕಿತ್ಸೆಯಿರಬೇಕು, ಯಾರನ್ನು ರೋಗಿಯೆಂದು ಪರಿಗಣಿಸಬೇಕೆಂಬುದು ನಿಶ್ಚಿತವಾಗಿರಬೇಕು, ವೆಚ್ಚವು ಸಮತೋಲವಾಗಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದುವು.

ನೇರವಾದ ಪರೀಕ್ಷೆ ಬಂದುದು ಅನಂತರ. ಡೆನ್ಮಾರ್ಕಿನ ಕೋಪನ್‌ಹೇಗನ್ ಪ್ರದೇಶದಲ್ಲಿ 1999ರಲ್ಲಿ ಮೊದಲಾದ ಪ್ರಯೋಗದಲ್ಲಿ 11,629 ಮಂದಿಯನ್ನು ತಪಾಸಣೆಗೆ ಆಹ್ವಾನಿಸಿ, ಅಪಾಯವುಳ್ಳವರಿಗೆ ಐದು ವರ್ಷ ಜೀವನಕ್ರಮದ ಸಲಹೆ ನೀಡಲಾಯಿತು. ಹತ್ತು ವರ್ಷಗಳಾದ ಮೇಲೆ, ಆಹ್ವಾನಿಸದವರೊಡನೆ ಹೋಲಿಸಿದಾಗ ಹೃದ್ರೋಗದಲ್ಲಾಗಲಿ ಮರಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಪೂರ್ವ ಇಂಗ್ಲೆಂಡಿನ 33 ಚಿಕಿತ್ಸಾಲಯಗಳಲ್ಲಿ ನಡೆದ ಮಧುಮೇಹ ತಪಾಸಣೆಯ ಪ್ರಯೋಗವೂ 2012ರಲ್ಲಿ ಇದೇ ಫಲವನ್ನು ವರದಿಮಾಡಿತು.

ಚೀನದ ದಾಚಿಂಗ್‌ನ ಪ್ರಯೋಗ ಇದಕ್ಕೆ ವಿರುದ್ಧವೆಂದು ತೋರಬಹುದು. ಅಲ್ಲಿ 1986ರಲ್ಲಿ ತಪಾಸಣೆಯಿಂದ ಗುರುತಿಸಿದ 577 ಮಂದಿಯಲ್ಲಿ, ಆಹಾರ ವ್ಯಾಯಾಮಗಳ ಕ್ರಮವನ್ನು ಆರು ವರ್ಷ ಅನುಸರಿಸಿದವರಿಗೆ 30 ವರ್ಷಗಳ ಅವಧಿಯಲ್ಲಿ ಹೃದಯಸಂಬಂಧವಾದ ಮರಣಗಳು ಕಡಮೆಯಾದುವು. ಆದರೆ ಅಲ್ಲಿ ಎರಡು ಪಂಗಡದವರೂ ತಪಾಸಣೆಗೆ ಒಳಗಾದವರೇ. ಆದ್ದರಿಂದ ಸಿದ್ಧವಾದುದು ಉಪಚಾರದ ಬೆಲೆಯೇ ಹೊರತು ತಪಾಸಣೆಯ ಬೆಲೆಯಲ್ಲ. ಈ ಭೇದವನ್ನು ಮರೆತರೆ ನಿರ್ಣಯ ತಪ್ಪುತ್ತದೆ.

ಭಾರತವು 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ, 30 ವರ್ಷ ಮೀರಿದವರ ತಪಾಸಣೆಯನ್ನು ಕೈಗೊಂಡಿತು. ಇಲ್ಲಿ ತಮ್ಮ ರೋಗವನ್ನರಿಯದವರು ಬಹುಮಂದಿ. ಯೂರೋಪಿನ ಫಲಿತಾಂಶವನ್ನು ನಾವು ಹಾಗೆಯೇ ಅನ್ವಯಿಸಲಾಗದು. ಆದರೆ ಪರೀಕ್ಷಿತರ ಸಂಖ್ಯೆಯೊಂದರಿಂದಲೇ ಸಾಫಲ್ಯವನ್ನು ಅಳೆಯುವುದೂ ಸಲ್ಲದು. ರೋಗವಿದೆಯೆಂದು ತಿಳಿದವನಿಗೆ ಔಷಧವೂ ಆರೈಕೆಯೂ ವರ್ಷಾನುಗಟ್ಟಲೆ ದೊರೆತುವೆ ಎಂಬುದೇ ಕೇಳಬೇಕಾದ ಪ್ರಶ್ನೆ. ಅವು ದೊರೆಯದಿದ್ದಲ್ಲಿ ತಪಾಸಣೆಯು ಅವನಿಗೆ ಕೊಟ್ಟುದು ಚಿಂತೆಯೊಂದನ್ನೇ ಎನ್ನಬೇಕಾಗುತ್ತದೆ.