ಬೆತ್ಲೆಹೇಮಿನಿಂದ ಬೊಮ್ಮನಹಳ್ಳಿಯವರೆಗೆ

ಹೂವಿನಹಡಗಲಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ನಮ್ಮ ಕಡೆ ಮಕ್ಕಳೂ ಉತ್ತರ ಹೇಳುತ್ತಾರೆ. ವಿಜಯನಗರದ ಅರಸರ ಪೂಜೆಗೆ ಇಲ್ಲಿಂದ ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹೂವು ಹೋಗುತ್ತಿತ್ತಂತೆ. ಕೇಳಲು ಚೆಂದದ ಕಥೆ. ಆದರೆ ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ. ಅದಕ್ಕೂ ಮೊದಲಿನ ಕಲ್ಯಾಣ ಚಾಲುಕ್ಯರ ಕಾಲದ ಶಾಸನದಲ್ಲೇ ಈ ಊರು 'ಪೂವಿನ ಪೊಸವಡಂಗಿಲೆ'. ಹಳಗನ್ನಡದ 'ಪ'ಕಾರ ಮುಂದೆ 'ಹ'ಕಾರವಾಯಿತು. ಪೂ ಹೂವಾಯಿತು, ಪೊಸತು ಹೊಸತಾಯಿತು, ಪಡಂಗಿಲೆ ಹಡಗಲಿಯಾಯಿತು. ಅದೇ ತಾಲ್ಲೂಕಿನಲ್ಲಿ ಹಿರೇಹಡಗಲಿ ಇರುವುದರಿಂದ ಇದು 'ಹೊಸ'ದೆನಿಸಿರಬೇಕು. ಅಂದರೆ ಹೂವು ಮೊದಲೇ ಇತ್ತು, ಹಂಪಿಯ ಅರಸರು ಆಮೇಲೆ ಬಂದರು.

ಧರ್ಮಗ್ರಂಥಗಳ ಊರುಗಳದ್ದೂ ಇಂಥದೇ ಸಂಗತಿ. ಬೈಬಲಿನ ಆದಿಕಾಂಡ ಬಾಬೆಲ್ ಎಂಬ ಹೆಸರನ್ನು ಹೀಬ್ರೂವಿನ 'ಬಾಲಲ್' ಜೊತೆ ಸೇರಿಸುತ್ತದೆ; ಭಾಷೆಗಳು ಗಲಿಬಿಲಿಯಾದ ಜಾಗ ಎಂದರ್ಥ. ಆ ಊರಿನವರೇ ತಮ್ಮ ಅಕ್ಕಾಡಿಯನ್ ಭಾಷೆಯಲ್ಲಿ ಅದನ್ನು 'ಬಾಬ್-ಇಲಿ', ದೇವರ ಬಾಗಿಲು ಎಂದು ತಿಳಿದಿದ್ದರು. ಉರ್ದು ಓದಿದವರಿಗೆ 'ಬಾಬ್' ಹೊಸದಲ್ಲ. ಬಾಗಿಲಿಗೂ ಪುಸ್ತಕದ ಅಧ್ಯಾಯಕ್ಕೂ ಅದೇ ಮಾತು. ಕುರ್‌ಆನ್‌ನ ಅಲ್ ಬಕರ ಅಧ್ಯಾಯದಲ್ಲೂ ಬಾಬಿಲ್ ಬರುತ್ತದೆ.

ಬೆತ್ಲೆಹೇಮ್ ಎಂದರೆ ಹೀಬ್ರೂವಿನಲ್ಲಿ ರೊಟ್ಟಿಯ ಮನೆ. ಅದೇ ಊರು ಅರಬಿಯಲ್ಲಿ ಬೈತ್ ಲಹ್ಮ್, ಮಾಂಸದ ಮನೆ. ಧಾತು ಒಂದೇ, ತಟ್ಟೆಗೆ ಬಿದ್ದದ್ದು ಬೇರೆ. ಬೇರ್‌ಷೆಬಾದ 'ಬೇರ್' ಅಂದರೆ ಬಾವಿ, ಅರಬಿಯ 'ಬಿಅರ್'. 'ಷೆಬಾ' ಏಳೂ ಹೌದು, ಆಣೆಯೂ ಹೌದು. ಆದಿಕಾಂಡ ಈ ಹೆಸರಿಗೆ ಒಮ್ಮೆ ಇಬ್ರಾಹೀಮರ ಕಥೆ ಹೇಳಿ, ಮುಂದೆ ಇಸ್ಹಾಕರ ಕಥೆಯನ್ನೂ ಹೇಳುತ್ತದೆ. ಎರಡೂ ಒಂದೇ ಗ್ರಂಥದಲ್ಲಿ ಜಗಳವಿಲ್ಲದೆ ಇವೆ.

ಮತ್ತೆ ನಮ್ಮ ಸೀಮೆಗೆ ಬರೋಣ. ಹಗರಿಬೊಮ್ಮನಹಳ್ಳಿಯ 'ಬೊಮ್ಮ' ಬ್ರಹ್ಮನ ತದ್ಭವ. 'ಹಗರಿ'ಯನ್ನು ಅಘಹರಿ, ಪಾಪ ಕಳೆಯುವವಳು ಎಂದು ಬಿಡಿಸುವವರಿದ್ದಾರೆ. ಕೊಟ್ಟೂರನ್ನು 'ಕೊಟ್ಟ ಊರು' ಎನ್ನುವವರಿದ್ದಾರೆ. ಆದರೆ 4ನೇ ಶತಮಾನದ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲೂ 'ಕೊಟ್ಟೂರ' ಎಂಬ ಬೇರೊಂದು ಊರು ಬರುತ್ತದೆ. ಹಲವೆಡೆ ಇರುವ ಹೆಸರಿಗೆ ಒಂದೇ ಊರಿನ ಕಥೆ ಸಾಲದು. ಕೂಡ್ಲಿಗಿಯಲ್ಲಿ 'ಕೂಡು' ಎಂಬುದು ಕಿವಿಗೆ ಬೀಳುತ್ತದೆ ನಿಜ. ಆದರೆ ಕಿವಿಯೊಂದೇ ಸಾಕ್ಷಿಯಾಗದು, ಹಳೆಯ ರೂಪ ಬೇಕು.

ಹರಪನಹಳ್ಳಿಯ ಕೊನೆಯ 'ಹಳ್ಳಿ'ಯನ್ನೇ ನೋಡಿ. ಹಳಗನ್ನಡದಲ್ಲಿ ಅದು 'ಪಳ್ಳಿ'. ಕರಾವಳಿಯ ಬ್ಯಾರಿಗಳ ಬಾಯಲ್ಲಿ ಇಂದಿಗೂ 'ಪಳ್ಳಿ' ಎಂದರೆ ಮಸೀದಿ. ಮಲಯಾಳಂನಲ್ಲಿ ಮಸೀದಿಯೂ ಹೌದು, ಚರ್ಚೂ ಹೌದು. ನಾವು ಉಳುವ, ಉಣ್ಣುವ ಜಾಗಕ್ಕೆ ಇಟ್ಟ ಮಾತನ್ನು ಅವರು ಸಜ್ದಾ ಮಾಡುವ ಜಾಗಕ್ಕೆ ಇಟ್ಟುಕೊಂಡರು.

ಊರ ಹೆಸರು ಹಿಡಿದು 'ಇದು ಮೊದಲು ಯಾರದು' ಎಂದು ಜಗಳಕ್ಕೆ ನಿಲ್ಲುವವರು ಈಗ ಹೆಚ್ಚಾಗಿದ್ದಾರೆ. ಹೆಸರನ್ನು ಕೇಳಿದರೆ ಅದು ಒಬ್ಬನ ಕಡೆ ಬೆರಳು ತೋರಿಸುವುದಿಲ್ಲ. ಬಾವಿ, ರೊಟ್ಟಿ, ಹೂವು, ಹಳ್ಳಿ ಎನ್ನುತ್ತದೆ. ಅವು ಬದುಕಲು ಬಂದವರೆಲ್ಲರಿಗೂ ಬೇಕಾಗಿದ್ದವು.