ಖುಷ್ಕಿ ಹೊಲದ ಸಂಶೋಧನೆ: ಹಣ ಯಾರದು, ಎಷ್ಟು ದಿನದ್ದು?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದುಕೊಂಡು ಬಂದಿರುವ ಒಂದು ರಾಗಿ ಪ್ರಯೋಗವಿದೆ. ಕೆಂಪು ಮಣ್ಣಿನ ಒಂದೇ ಹೊಲವನ್ನು ತಾಕುಗಳಾಗಿ ವಿಂಗಡಿಸಿದ್ದಾರೆ. ಒಂದು ತಾಕಿಗೆ ಏನೂ ಹಾಕುವುದಿಲ್ಲ. ಇನ್ನೊಂದಕ್ಕೆ ಹೆಕ್ಟೇರಿಗೆ 10 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ, ಮತ್ತೊಂದಕ್ಕೆ ಬರೀ ರಾಸಾಯನಿಕ ಗೊಬ್ಬರ, ಮಗದೊಂದಕ್ಕೆ ಎರಡೂ. ತೆನೆ ಬಲಿಯುವ ಹೊತ್ತಿನಲ್ಲಿ ಬದುವಿನ ಮೇಲೆ ನಿಂತರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದು ಕಡೆ ಸೊರಗಿದ ಪೈರು, ಪಕ್ಕದಲ್ಲೇ ತುಂಬಿದ ತೆನೆ. ಬರೀ ರಾಸಾಯನಿಕ ಗೊಬ್ಬರದ ತಾಕು ಮೊದಮೊದಲು ಚೆನ್ನಾಗಿಯೇ ಬೆಳೆದು, ವರ್ಷಗಳು ಉರುಳಿದಂತೆ ಇಳುವರಿಯಲ್ಲಿ ಕುಗ್ಗುತ್ತ ಬಂತು. ಎರಡೂ ಹಾಕಿದ ತಾಕಿನ ಮಣ್ಣು ಇಂಗಾಲವನ್ನು ಹಿಡಿದಿಟ್ಟುಕೊಂಡಿತು, ಇಳುವರಿಯನ್ನೂ ಉಳಿಸಿಕೊಂಡಿತು. ಈ ಮಾತನ್ನು ಧೈರ್ಯವಾಗಿ ಹೇಳಲು ಮೂರು ವರ್ಷದ ಪ್ರಯೋಗ ಸಾಲದು, ಹತ್ತು ವರ್ಷದ್ದೂ ಸಾಲದು. ಹವಾಮಾನ ಬದಲಾಗುತ್ತಿರುವಾಗ ಮಳೆಯಾಶ್ರಿತ ರೈತರಿಗೆ ಬೇಕಾದ ಸಂಶೋಧನೆ ಬಹುಪಾಲು ಇಂಥದ್ದು. ಅದಕ್ಕೆ ನಮ್ಮಲ್ಲಿ ಹಣ ಯಾವಾಗ ಬಂತು, ಯಾವಾಗ ಬತ್ತಿತು ಎಂದು ಹಿಂದಿನಿಂದ ನೋಡಿಕೊಂಡು ಬರಬೇಕು.

ಶುರುವಾದದ್ದು ಬರದಿಂದ. 1876–78ರ ಧಾತು ಈಶ್ವರದ ಬರ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ನುಂಗಿತು. 1880ರ ಕ್ಷಾಮ ಆಯೋಗ ಪ್ರತಿ ಪ್ರಾಂತ್ಯಕ್ಕೂ ಕೃಷಿ ಇಲಾಖೆ ಬೇಕೆಂದಿತು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು, ವಿಜ್ಞಾನಿ ಡಾ. ಲೆಹ್ಮನ್ ಅಲ್ಲಿ ಮಣ್ಣು ಮತ್ತು ಬೆಳೆಯ ಪರೀಕ್ಷೆ ಆರಂಭಿಸಿದರು. ನಂತರ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋರಿಸಿಕೊಟ್ಟರು. ಉತ್ತರದ ಪೂಸಾದಲ್ಲಿ 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಎದ್ದು ನಿಂತದ್ದು ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಸಿರಿವಂತ ಕೊಟ್ಟ 30,000 ಪೌಂಡ್ ದಾನದಿಂದ. ರಾಣಿಯ ಜಮೀನು, ದಾನಿಯ ದುಡ್ಡು: ಆ ಕಾಲದ ಸಂಶೋಧನೆ ನಿಂತಿದ್ದದ್ದು ಹೀಗೆ ಯಾರೋ ಮನಸ್ಸು ಮಾಡಿದ್ದರ ಮೇಲೆ.

ಹಣಕ್ಕೊಂದು ಸಾಂಸ್ಥಿಕ ದಾರಿ ಆದದ್ದು ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಆಯೋಗದ ಶಿಫಾರಸಿನಂತೆ 1929ರಲ್ಲಿ ಕೃಷಿ ಸಂಶೋಧನಾ ಪರಿಷತ್ತು ಹುಟ್ಟಿದ ಮೇಲೆ. ಇಂದಿನ ಐಸಿಎಆರ್ ಅದೇ. 1940ರಲ್ಲಿ ರಫ್ತಾಗುವ ಕೃಷಿ ಉತ್ಪನ್ನಗಳ ಮೇಲೆ ಸೆಸ್ ಹಾಕಿ ಪರಿಷತ್ತಿಗೆ ವರಮಾನ ಒದಗಿಸುವ ಕಾಯ್ದೆಯೂ ಬಂತು. ಬೆಳೆಯಿಂದ ಬಂದ ದುಡ್ಡಿನ ಒಂದು ಚೂರು ಬೆಳೆಯ ವಿಜ್ಞಾನಕ್ಕೇ ಮರಳಬೇಕೆಂಬ ಆ ಯೋಚನೆ ನನಗೆ ಇವತ್ತಿಗೂ ಸರಿಯೆನಿಸುತ್ತದೆ.

ಪರಿಷತ್ತಿನ ಆರಂಭದ ಕೆಲಸಗಳಲ್ಲಿ ನಮಗೆ ಹತ್ತಿರದ್ದು ಒಣಬೇಸಾಯ ಯೋಜನೆ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ (ಇಂದಿನ ವಿಜಯಪುರ), ಹಗರಿ, ರಾಯಚೂರು, ರೋಹ್ತಕ್ ಎಂಬ ಐದು ಕಡೆ ಕೇಂದ್ರಗಳು ತೆರೆದವು. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಆಗ ಒಂದು ಮುಂಬಯಿ ಪ್ರಾಂತ್ಯದಲ್ಲಿ, ಒಂದು ಮದರಾಸಿನಲ್ಲಿ, ಒಂದು ನಿಜಾಮರ ರಾಜ್ಯದಲ್ಲಿತ್ತು. ಅಡ್ಡ ಬದು ಹಾಕುವುದು, ಆಗಾಗ ಆಳದ ಉಳುಮೆ, ಸಾಲಿನ ಅಂತರ ಹೆಚ್ಚಿಸಿ ಬೀಜ ಕಡಿಮೆ ಮಾಡುವುದು, ಎಡೆ ಹೊಡೆಯುವುದು ಇವೆಲ್ಲ ಅಲ್ಲಿ ಅಳೆದು ನೋಡಿದ ಕ್ರಮಗಳು. ಇಳುವರಿ ಏರಿದ್ದು ಶೇಕಡ 15ರಿಂದ 20ರಷ್ಟು ಮಾತ್ರ. ಸುಮಾರು ಹತ್ತು ವರ್ಷಕ್ಕೆ ಯೋಜನೆ ಮುಗಿಯಿತು. ಅದೇ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಜೋಳದಿಂದ ಆರಿಸಿದ ಎಂ 35-1 ಎಂಬ ತಳಿಯನ್ನು ಮಾತ್ರ ವಿಜಯಪುರದ ಎರೆ ಹೊಲಗಳಲ್ಲಿ ಹಿಂಗಾರಿಗೆ ಇಂದಿಗೂ ಬಿತ್ತುತ್ತಾರೆ. ಮಳೆ ನಿಂತ ಮೇಲೆ ಮಣ್ಣಿನೊಳಗಿನ ಹಸಿಯಲ್ಲೇ ಬೆಳೆದು, ತಿನ್ನಲು ರೊಟ್ಟಿಯನ್ನೂ ದನಕ್ಕೆ ಕಣಕಿಯನ್ನೂ ಕೊಡುವ ಜೋಳ ಅದು.

ಸ್ವಾತಂತ್ರ್ಯದ ನಂತರ ಗಮನ ನೀರಾವರಿಗೆ ಹೋಯಿತು. ಹೊಟ್ಟೆ ತುಂಬಿಸುವ ತುರ್ತು ಇತ್ತು. ಗೋಧಿ, ಭತ್ತಕ್ಕೆ ಹಣ ಹರಿದದ್ದನ್ನು ತಪ್ಪೆನ್ನಲಾರೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಂದದ್ದೂ ಆ ಉತ್ಸಾಹದಲ್ಲೇ. ಅರವತ್ತರ ದಶಕದ ನಡುವೆ ಸಾಲಾಗಿ ಎರಡು ಬರ ಬಿದ್ದಾಗ ಖುಷ್ಕಿ ಹೊಲ ಮತ್ತೆ ನೆನಪಾಯಿತು. 1970ರಲ್ಲಿ ಕೆನಡಾ ಸರ್ಕಾರದ ಸಹಕಾರದೊಂದಿಗೆ ಅಖಿಲ ಭಾರತ ಒಣಬೇಸಾಯ ಸಮನ್ವಯ ಯೋಜನೆ ಶುರುವಾಯಿತು. ಬೆಂಗಳೂರು, ಬಿಜಾಪುರ ಅದರ ಕೇಂದ್ರಗಳು. ಮೊದಲು ಹೇಳಿದ ರಾಗಿ ತಾಕುಗಳು ಈ ಯೋಜನೆಯ ಕೂಸು. 1972ರಲ್ಲಿ ಪಟಾನ್‌ಚೆರುವಿನಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, 1985ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಕ್ರಿಡಾ ಬಂದವು.

ಈ ಅವಧಿಯಲ್ಲಿ ಕಡಿಮೆ ಸದ್ದಿನಲ್ಲಿ ಆದ ದೊಡ್ಡ ಕೆಲಸ ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದ್ದು. ರಾಗಿಯ ಹೂವು ತೀರ ಸಣ್ಣದು. ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸಬೇಕಾದರೆ ತಾಳ್ಮೆಯೇ ಬಂಡವಾಳ. ಜನ ಪ್ರೀತಿಯಿಂದ ರಾಗಿ ಲಕ್ಷ್ಮಣಯ್ಯ ಎಂದು ಕರೆದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಹೆಸರಿನಲ್ಲೇ ಇವೆ. ಮುಂದೆ ಬೆಂಕಿರೋಗ ತಡೆಯುವ ಜಿಪಿಯು-28 ಬಂದದ್ದು ಇಂಡಾಫ್ ರಕ್ತದಿಂದಲೇ. ಹಳೆ ಮೈಸೂರಿನ ಮನೆಗಳಲ್ಲಿ ಇಂದು ಮುದ್ದೆಯಾಗುವ ರಾಗಿಯಲ್ಲಿ ಈ ವಂಶದ್ದೇ ದೊಡ್ಡ ಪಾಲು. ರಾಗಿ ಬೀಜವನ್ನು ರೈತರು ಮನೆಯಲ್ಲೇ ಎತ್ತಿಟ್ಟುಕೊಂಡು ಬಿತ್ತಬಲ್ಲರು; ವರ್ಷ ವರ್ಷವೂ ಅಂಗಡಿಗೆ ಹೋಗಬೇಕಾಗಿಲ್ಲ. ಹಾಗಾಗಿ ಖಾಸಗಿ ಬೀಜ ಕಂಪನಿಗಳ ಸಂಶೋಧನಾ ಹಣ ಹೈಬ್ರಿಡ್ ಜೋಳ, ಮೆಕ್ಕೆಜೋಳ, ಹತ್ತಿಯ ಕಡೆಗೇ ಹೋಗುತ್ತದೆ. ರಾಗಿ, ಸಾಮೆ, ನವಣೆ, ಹುರುಳಿ, ಹುಚ್ಚೆಳ್ಳಿನ ಮೇಲೆ ಯಾರಾದರೂ ಕೆಲಸ ಮಾಡಬೇಕಾದರೆ ಅದು ಬಹುಮಟ್ಟಿಗೆ ಸರ್ಕಾರದ ದುಡ್ಡಿನಲ್ಲೇ ಆಗಬೇಕು.

1998ರಿಂದ 2014ರವರೆಗೆ ವಿಶ್ವಬ್ಯಾಂಕ್ ಸಾಲದಿಂದ ಕೃಷಿ ಸಂಶೋಧನೆಯ ಎರಡು ದೊಡ್ಡ ಯೋಜನೆಗಳು ನಡೆದು ಮುಗಿದವು. ಹವಾಮಾನ ಬದಲಾವಣೆ ಎಂಬ ಹೆಸರಿನಲ್ಲೇ ಪ್ರತ್ಯೇಕ ಹಣ ಇಟ್ಟದ್ದು 2011ರಲ್ಲಿ. ಐಸಿಎಆರ್‌ನ ನಿಕ್ರಾ ಯೋಜನೆಗೆ ಮೊದಲು 350 ಕೋಟಿ ರೂಪಾಯಿ ಮೀಸಲಾಯಿತು. ಬಿಸಿಲು, ಬರ, ನೆರೆ ತಾಳುವ ತಳಿಗಳ ಹುಡುಕಾಟದ ಜೊತೆಗೆ ಹಳ್ಳಿಯಲ್ಲೇ ಮಾಡಿ ತೋರಿಸುವ ಕೆಲಸವೂ ಇದರಲ್ಲಿತ್ತು. ತುಮಕೂರು ಜಿಲ್ಲೆಯ ಡಿ. ನಾಗೇನಹಳ್ಳಿ ಅಂಥ ಒಂದು ಊರು. ಕೃಷಿ ಹೊಂಡ, ಬದು, ಬರ ತಾಳುವ ಎಂಎಲ್-365 ರಾಗಿಯನ್ನು ಅಲ್ಲಿ ರೈತರ ಹೊಲಗಳಲ್ಲೇ ಬೆಳೆಸಿ ನೋಡಿದರು. ಕ್ರಿಡಾ ಜಿಲ್ಲಾವಾರು ಆಕಸ್ಮಿಕ ಯೋಜನೆಗಳನ್ನೂ ಬರೆಸಿತು: ಮುಂಗಾರು ಎರಡು ವಾರ ತಡವಾದರೆ ಏನು ಬಿತ್ತಬೇಕು, ನಾಲ್ಕು ವಾರವಾದರೆ ಏನು, ಆರಾದರೆ ಏನು. ನಮ್ಮ ರೈತರು ಇದೇ ಲೆಕ್ಕವನ್ನು ನಕ್ಷತ್ರದಲ್ಲಿ ಹಾಕುತ್ತಾರೆ. ಪುನರ್ವಸು ಮಳೆಗೆ ಬಿತ್ತುವ ದೀರ್ಘಾವಧಿ ರಾಗಿಯನ್ನು ಮಖೆ ಮಳೆಗೆ ಬಿತ್ತಿದರೆ ತೆನೆ ಕಾಳು ಕಟ್ಟುವ ಮೊದಲೇ ಮಳೆಗಾಲ ಮುಗಿದಿರುತ್ತದೆ. ಆಗ ನೂರು ದಿನದೊಳಗೆ ಕೊಯ್ಲಿಗೆ ಬರುವ ಜಿಪಿಯು-48ರಂಥ ತಳಿ ಬೇಕು. ಆ ಬೀಜ ಮಖೆಗೆ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಇದ್ದರೆ ಮಾತ್ರ ಯೋಜನೆಗೆ ಅರ್ಥ.

ರಾಜ್ಯದ ಹಣವೂ ಗಮನಾರ್ಹ. 1988ರಲ್ಲಿ ಕರ್ನಾಟಕ ಆರಂಭಿಸಿದ ಬರ ಉಸ್ತುವಾರಿ ಘಟಕ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. 2009ರಿಂದ ಇಕ್ರಿಸ್ಯಾಟ್ ಜೊತೆಗೂಡಿ ನಡೆಸಿದ ಭೂಚೇತನ ಯೋಜನೆ ಮಣ್ಣು ಪರೀಕ್ಷಿಸಿ ಸತು, ಬೋರಾನ್, ಗಂಧಕದ ಕೊರತೆಯನ್ನು ರೈತರ ಮುಂದಿಟ್ಟಿತು. ಮೊದಲ ಹಂತ ಮುಗಿಯುವಷ್ಟರಲ್ಲಿ ಸಿಕ್ಕ ಉತ್ಸಾಹ ನಂತರ ಅದೇ ಬಿರುಸಿನಲ್ಲಿ ಉಳಿಯಲಿಲ್ಲ.

ಇತ್ತೀಚಿನ ಒಂದು ವರ್ಷದ ಲೆಕ್ಕ ನೋಡಿ. 2024–25ರ ಕೇಂದ್ರ ಬಜೆಟ್ಟಿನಲ್ಲಿ ಕೃಷಿ ಸಂಶೋಧನೆ ಮತ್ತು ಶಿಕ್ಷಣ ಇಲಾಖೆಗೆ ಸಿಕ್ಕಿದ್ದು 9,941 ಕೋಟಿ ರೂಪಾಯಿ. ರಸಗೊಬ್ಬರ ಸಬ್ಸಿಡಿಗೆ 1.64 ಲಕ್ಷ ಕೋಟಿ. ಸಂಶೋಧನೆಗೆ ಹಾಕಿದ ಒಂದು ರೂಪಾಯಿ 13.85 ರೂಪಾಯಿಯಾಗಿ ಮರಳುತ್ತದೆ ಎಂದು 2023–24ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಇಲಾಖೆಯ ಹಣದಲ್ಲಿ ದೊಡ್ಡ ಪಾಲು ಸಂಬಳ, ಪಿಂಚಣಿಗೆ ಹೋಗುತ್ತದೆ. ಉಳಿದದ್ದು ಮೂರು ವರ್ಷ, ಐದು ವರ್ಷದ ಪ್ರಾಜೆಕ್ಟುಗಳಾಗಿ ಹಂಚಿಹೋಗುತ್ತದೆ. ಹೊಲದಲ್ಲಿ ದಿನವೂ ಅಳತೆ ತೆಗೆಯುವ ಹುಡುಗ ಹುಡುಗಿಯರು ಗುತ್ತಿಗೆಯ ಮೇಲಿರುವವರು. ಪ್ರಾಜೆಕ್ಟು ಮುಗಿದರೆ ಅವರು ಹೊರಡುತ್ತಾರೆ, ಅವರ ಕಣ್ಣಿಗೆ ಕೂತ ಹೊಲದ ತಿಳಿವಳಿಕೆಯೂ ಅವರೊಂದಿಗೇ ಹೊರಡುತ್ತದೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ.

2024ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಹವಾಮಾನ ತಾಳಿಕೆಯ 109 ತಳಿಗಳು ಒಟ್ಟಿಗೆ ಬಿಡುಗಡೆಯಾದವು. ಸಂತೋಷದ ವಿಷಯ. ಅವುಗಳ ಹಿಂದೆ ಇರುವುದು ಹಲವು ವರ್ಷಗಳ ಹಿಂದೆಯೇ ಖರ್ಚಾದ ಹಣ. ಅದಕ್ಕೆ ಹಿಂದಿನ ವರ್ಷ, 2023ರ ಮುಂಗಾರು ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಒಂದು ರಾಗಿ ತಳಿ ಕೂಡಿಸಿದ ದಿನದಿಂದ ರೈತನ ಕೂರಿಗೆಗೆ ಬರಲು ಹತ್ತು ಹನ್ನೆರಡು ವರ್ಷ ಬೇಕು. ಮಂಡ್ಯದಲ್ಲೋ ಜಿಕೆವಿಕೆಯಲ್ಲೋ ಈ ಮುಂಗಾರಿನಲ್ಲಿ ಕೂಡಿಸುವ ರಾಗಿ ಹೊಲಕ್ಕೆ ಇಳಿಯುವಷ್ಟರಲ್ಲಿ 2035 ದಾಟಿರುತ್ತದೆ.